ರೇಷ್ಮೆ ಪತಂಗ, ನಿಂಬೆ ಚಿಟ್ಟೆ: ಮೈಸೂರು–ಮಂಡ್ಯ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳವಳ್ಳಿ, ಮದ್ದೂರು, ತಿ. ನರಸೀಪುರದ ಕಡೆ ಇವೆರಡೂ ಒಂದೇ ಮನೆಯಲ್ಲಿ ಸಿಗುತ್ತವೆ. ಹುಳುಮನೆಯ ತಟ್ಟೆಯಲ್ಲಿ ರೇಷ್ಮೆ ಹುಳು, ಹಿತ್ತಲಿನ ಕರಿಬೇವಿನ ಗಿಡದಲ್ಲಿ ನಿಂಬೆ ಚಿಟ್ಟೆಯ ಹುಳು. ಒಂದಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಹಾಕುತ್ತೇವೆ, ಇನ್ನೊಂದಕ್ಕೆ ಔಷಧಿ ಹೊಡೆಯುತ್ತೇವೆ. ಆ ಔಷಧಿಗೆ ಮಾತ್ರ ಯಾವುದು ಸಾಕಿದ ಹುಳು, ಯಾವುದು ಬೇಡದ ಹುಳು ಅಂತ ಗೊತ್ತಾಗುವುದಿಲ್ಲ. ಶಾಲಾ ಮಕ್ಕಳು, ರೈತರು, ಕೈತೋಟದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಕೊಟ್ಟಿದ್ದೇವೆ.

ಪತಂಗ ಯಾವುದು, ಚಿಟ್ಟೆ ಯಾವುದು ಅಂತ ಒಂದೇ ನೋಟಕ್ಕೆ ಹೇಗೆ ಗುರುತಿಸುವುದು?

ಮೀಸೆ ನೋಡಿ. ನಿಂಬೆ ಚಿಟ್ಟೆಯ ಮೀಸೆ ಸಣ್ಣ ಕಡ್ಡಿಯ ಹಾಗಿದ್ದು ತುದಿ ಮಾತ್ರ ಗುಂಡಗೆ ದಪ್ಪವಾಗಿರುತ್ತದೆ. ರೇಷ್ಮೆ ಪತಂಗದ್ದು ಬುಡದಿಂದ ತುದಿಯವರೆಗೂ ಬಾಚಣಿಗೆಯಂತೆ ಎರಡೂ ಕಡೆ ಹಲ್ಲು ಬಿಟ್ಟಿರುತ್ತದೆ, ಗಂಡಿನಲ್ಲಿ ಆ ಹಲ್ಲುಗಳು ಇನ್ನಷ್ಟು ಉದ್ದ. ಎಲ್ಲ ಪತಂಗಗಳ ಮೀಸೆಯೂ ಹೀಗೆ ಬಾಚಣಿಗೆಯಂತೆ ಇರುವುದಿಲ್ಲ, ಕೆಲವಕ್ಕೆ ಬರೀ ದಾರದಂತೆ ಇರುತ್ತದೆ. ಆದರೆ ನಮ್ಮ ಕಡೆ ಸಾಮಾನ್ಯವಾಗಿ ಸಿಗುವವುಗಳ ಮಟ್ಟಿಗೆ, ತುದಿಯಲ್ಲಿ ಗುಂಡು ಇದ್ದರೆ ಚಿಟ್ಟೆ, ಇಲ್ಲದಿದ್ದರೆ ಪತಂಗ ಎಂದರೆ ತಪ್ಪಾಗುವುದು ಬಹಳ ಅಪರೂಪ. ಫೋನಿನಲ್ಲಿ ಫೋಟೊ ತೆಗೆಯುವಾಗ ರೆಕ್ಕೆಯ ಬದಲು ತಲೆಯ ಮೇಲೆ ಫೋಕಸ್ ಮಾಡಿ, ಆಮೇಲೆ ಹಿಗ್ಗಿಸಿ ನೋಡಿ.

ಹಗಲು ಹಾರಿದರೆ ಚಿಟ್ಟೆ, ರಾತ್ರಿ ಹಾರಿದರೆ ಪತಂಗ ಅಂತ ಪಾಠದಲ್ಲಿ ಇದೆಯಲ್ಲ?

ಹೆಚ್ಚಿನವಕ್ಕೆ ಸರಿ, ಆದರೆ ಅದನ್ನೇ ನಂಬಿ ಹೆಸರಿಡಬೇಡಿ. ಹಗಲು ಹೊತ್ತಿನಲ್ಲೇ ಹೂವಿನ ಮುಂದೆ ಗಾಳಿಯಲ್ಲಿ ನಿಂತು ಮಕರಂದ ಹೀರುವ ಹಾಕ್ ಪತಂಗಗಳಿವೆ. ಮುಸ್ಸಂಜೆ ಹೊತ್ತಿಗೆ ದೀಪಕ್ಕೆ ಬರುವ ಈವ್ನಿಂಗ್ ಬ್ರೌನ್ ಎಂಬ ಕಂದು ಬಣ್ಣದ ಚಿಟ್ಟೆಯೂ ಇದೆ, ಮಳೆಗಾಲದಲ್ಲಿ ಮನೆಯೊಳಗೆ ನುಗ್ಗಿ ಎಲ್ಲರಿಂದಲೂ ಪತಂಗ ಎನಿಸಿಕೊಳ್ಳುತ್ತದೆ. ಇನ್ನು ರೇಷ್ಮೆ ಪತಂಗ ಹಗಲೂ ಹಾರುವುದಿಲ್ಲ, ರಾತ್ರಿಯೂ ಹಾರುವುದಿಲ್ಲ, ಹಾಗಾಗಿ ಈ ನಿಯಮ ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ.

ಕೂತಾಗ ರೆಕ್ಕೆ ಮಡಚಿದರೆ ಚಿಟ್ಟೆ, ಹರಡಿದರೆ ಪತಂಗ, ಇದಾದರೂ ಸರಿಯೇ?

ಇದೂ ಅರ್ಧ ಸರಿ. ನಿಂಬೆ ಚಿಟ್ಟೆ ಬೆಳಿಗ್ಗೆ ಬಿಸಿಲು ಕಾಯಿಸುವಾಗ ನೆಲಕ್ಕೆ ಹತ್ತಿರದ ಹುಲ್ಲು, ಪೊದೆಗಳ ಮೇಲೆ ರೆಕ್ಕೆಯನ್ನು ಪೂರ್ತಿ ಹರಡಿಕೊಂಡು ಕೂರುತ್ತದೆ.

ಇವೆರಡೂ ಎಷ್ಟು ಹತ್ತಿರದ ನೆಂಟರು?

ಎರಡೂ ಲೆಪಿಡಾಪ್ಟೆರಾ ಗಣಕ್ಕೆ ಸೇರಿದವು, ಅಂದರೆ ರೆಕ್ಕೆಯ ಮೇಲೆ ಹೆಂಚು ಹೊದಿಸಿದಂತೆ ಪುಡಿ ಹುರುಪೆಗಳಿರುವ ಕೀಟಗಳು. ಈ ಗಣದಲ್ಲಿ ಹೆಸರಿಟ್ಟಿರುವ ಪ್ರಭೇದಗಳು ಸುಮಾರು 1.6 ಲಕ್ಷ, ಅದರಲ್ಲಿ ಚಿಟ್ಟೆಗಳು ಸುಮಾರು 18 ಸಾವಿರ. ಉಳಿದದ್ದೆಲ್ಲ ಪತಂಗ. ಚಿಟ್ಟೆಗಳು ಪತಂಗಗಳ ವಂಶವೃಕ್ಷದಿಂದಲೇ ಕವಲೊಡೆದ ಒಂದು ಕೊಂಬೆ, ಆದ್ದರಿಂದ ಸಮನಾದ ಎರಡು ಪಂಗಡ ಎಂದು ಕಲ್ಪಿಸಿಕೊಳ್ಳುವುದು ಸರಿಯಲ್ಲ.

ನಿಂಬೆ ಚಿಟ್ಟೆಯ ವೈಜ್ಞಾನಿಕ ಹೆಸರು ಪ್ಯಾಪಿಲಿಯೊ ಡೆಮೊಲಿಯಸ್, ರೇಷ್ಮೆ ಪತಂಗದ್ದು ಬಾಂಬಿಕ್ಸ್ ಮೋರಿ. ಎರಡಕ್ಕೂ ಹೆಸರಿಟ್ಟವರು ಕಾರ್ಲ್ ಲಿನಿಯಸ್, ಎರಡೂ 1758ರಲ್ಲಿ.

ಹುಳುವಿನ ಹಂತದಲ್ಲಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆಯೇ?

ಚೆನ್ನಾಗಿ ಗೊತ್ತಾಗುತ್ತದೆ. ರೆಕ್ಕೆ ಬಂದ ಮೇಲೆ ನೋಡುವುದಕ್ಕಿಂತ ಇಲ್ಲಿ ನೋಡುವುದೇ ಹೆಚ್ಚು ಸ್ವಾರಸ್ಯ.

ರೇಷ್ಮೆ ಹುಳು ಮೊಟ್ಟೆಯೊಡೆದಾಗ ಕಪ್ಪಗೆ, ಮೈತುಂಬ ಸಣ್ಣ ಕೂದಲು ಹೊತ್ತು ಸುಮಾರು 3 ಮಿಲಿಮೀಟರ್ ಉದ್ದ ಇರುತ್ತದೆ. ತೂಕ ಅರ್ಧ ಮಿಲಿಗ್ರಾಮಿನ ಆಸುಪಾಸು. ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ಹೊತ್ತಿಗೆ 4ರಿಂದ 5 ಗ್ರಾಂ ತೂಗುತ್ತದೆ, ಅಂದರೆ ನಾಲ್ಕು ವಾರದೊಳಗೆ ಸುಮಾರು ಹತ್ತು ಸಾವಿರ ಪಟ್ಟು. ದೊಡ್ಡ ಹುಳುವಿನ ಮೈ ಬಿಳಿಚು, ನುಣುಪು. ಹಿಂಭಾಗದಲ್ಲಿ ಬೆನ್ನ ಮೇಲೆ ಒಂದು ಪುಟ್ಟ ಮೆತ್ತನೆ ಕೊಂಬು. ಎದೆಯ ಹತ್ತಿರ ಮೂರು ಜೊತೆ ನಿಜವಾದ ಕಾಲು, ಹೊಟ್ಟೆಯ ಕೆಳಗೆ ನಾಲ್ಕು ಜೊತೆ ಸುಳ್ಳುಕಾಲು, ತೀರಾ ಹಿಂದೆ ಒಂದು ಜೊತೆ ಹಿಡಿಕಾಲು. ಕಾಲುಗಳ ಈ ಲೆಕ್ಕ ನಿಂಬೆ ಚಿಟ್ಟೆಯ ಹುಳುವಿಗೂ ಒಂದೇ.

ನಿಂಬೆ ಚಿಟ್ಟೆಯ ಮರಿಹುಳು ಮೊದಮೊದಲು ಎಲೆಯ ಮೇಲೆ ಬಿದ್ದ ಹಕ್ಕಿ ಹಿಕ್ಕೆಯಂತೆಯೇ ಕಾಣುತ್ತದೆ. ಕಪ್ಪು ಕಂದು ಮೈ, ನಡುವೆ ಬಿಳಿ ಮಚ್ಚೆ, ಮೇಲೆ ಎಣ್ಣೆ ಸವರಿದಂಥ ಹೊಳಪು. ಎಲೆಯ ಮೇಲ್ಭಾಗದಲ್ಲೇ ರಾಜಾರೋಷವಾಗಿ ಕೂತಿದ್ದರೂ ಹಕ್ಕಿ ಮುಟ್ಟುವುದಿಲ್ಲ. ಕೊನೆಯ ಪೊರೆ ಕಳಚಿದಾಗ ವೇಷ ಪೂರ್ತಿ ಬದಲು: ಎಲೆ ಹಸಿರು ಬಣ್ಣ, ಪಕ್ಕದಲ್ಲಿ ಓರೆಯಾದ ಕಂದು ಪಟ್ಟೆ, ಎದೆಭಾಗ ಉಬ್ಬಿ ಅದರ ಮೇಲೆ ಕಣ್ಣಿನಂತಹ ಗುರುತು. ಅದನ್ನು ಕಡ್ಡಿಯಿಂದ ಮೆಲ್ಲಗೆ ತಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬು ಹೊರಬರುತ್ತದೆ, ಜೊತೆಗೆ ಮೂಗಿಗೆ ಬಡಿಯುವ ಘಾಟು. ಆಸ್ಮಟೀರಿಯಂ ಎನ್ನುವ ಈ ಅಂಗ ಇರುವೆ, ಜೇಡಗಳನ್ನು ಓಡಿಸಲು. ರೇಷ್ಮೆ ಹುಳುವಿನಲ್ಲಿ ಇಂಥ ಯಾವ ರಕ್ಷಣೆಯೂ ಇಲ್ಲ.

ಕರಿಬೇವಿನ ಮೇಲೆ ಇದರಂತೆಯೇ ಕಾಣುವ ಇನ್ನೊಂದು ಹುಳುವೂ ಇರಬಹುದು, ಅದು ಕಾಮನ್ ಮಾರ್ಮನ್ ಚಿಟ್ಟೆಯದು. ಅದರ ಕವಲು ಕೊಂಬು ಕಡುಗೆಂಪು.

ಜೀವನಚಕ್ರಕ್ಕೆ ಎಷ್ಟು ದಿನ ಬೇಕು?

ಮೈಸೂರಿನ ಸಾಧಾರಣ ಹವೆಯಲ್ಲಿ, ಅಂದರೆ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ರೇಷ್ಮೆಯ ಮೊಟ್ಟೆ ಸುಮಾರು 10 ದಿನಕ್ಕೆ ಒಡೆಯುತ್ತದೆ. ಹುಳುವಿನ ಹಂತ 24ರಿಂದ 28 ದಿನ, ಅಷ್ಟರಲ್ಲಿ ನಾಲ್ಕು ಜ್ವರ (ಹುಳು ತಿನ್ನದೆ ಕೂತು ಪೊರೆ ಕಳಚುವ ಹೊತ್ತು). ಗೂಡು ಕಟ್ಟಲು ಎರಡು ಮೂರು ದಿನ. ಗೂಡು ಮುಗಿದ 10–12 ದಿನಕ್ಕೆ ಪತಂಗ ಹೊರಗೆ. ಆಮೇಲೆ ಅದರ ಆಯಸ್ಸು ವಾರದ ಆಸುಪಾಸು.

ನಿಂಬೆ ಚಿಟ್ಟೆಗೆ ಇಷ್ಟು ಕಾಲ ಬೇಡ. ಮೊಟ್ಟೆ 3–4 ದಿನ, ಹುಳು ಎರಡರಿಂದ ಎರಡೂವರೆ ವಾರ, ಕೋಶ 8–10 ದಿನ. ಒಟ್ಟು ತಿಂಗಳೊಳಗೆ ಒಂದು ತಲೆಮಾರು ಮುಗಿದಿರುತ್ತದೆ. ಚಳಿ ಹಿಡಿದರೆ ಎರಡಕ್ಕೂ ದಿನ ಏರುತ್ತದೆ.

ಇನ್ನೊಂದು ವ್ಯತ್ಯಾಸ ಮೊಟ್ಟೆ ಇಡುವ ರೀತಿಯಲ್ಲಿದೆ. ರೇಷ್ಮೆ ಪತಂಗ ಒಂದೇ ಕಡೆ 400–500 ಮೊಟ್ಟೆಗಳನ್ನು ಒತ್ತಾಗಿ ಅಂಟಿಸುತ್ತದೆ. ನಿಂಬೆ ಚಿಟ್ಟೆ ಎಳೆ ಚಿಗುರಿಗೆ ಒಂದೊಂದೇ ಮೊಟ್ಟೆ ಇಟ್ಟು ಮುಂದೆ ಹೋಗುತ್ತದೆ. ತಿಳಿಹಳದಿ ಬಣ್ಣ, ಸಾಸಿವೆಗಿಂತ ಚಿಕ್ಕದು.

ರೇಷ್ಮೆ ಪತಂಗ ಯಾಕೆ ಹಾರುವುದಿಲ್ಲ? ರೆಕ್ಕೆ ಇದೆಯಲ್ಲ?

ರೆಕ್ಕೆ ಇದೆ, ಬಡಿಯುತ್ತದೆ, ಮೇಲೇಳುವುದಿಲ್ಲ. ಸಾವಿರಾರು ವರ್ಷ ಮನುಷ್ಯ ಹೆಚ್ಚು ನೂಲು, ಹೆಚ್ಚು ಮೊಟ್ಟೆ, ಅಲ್ಲಾಡದೆ ಕೂರುವ ಗುಣ ಇವನ್ನೇ ಆರಿಸುತ್ತ ಬಂದ ಫಲ ಇದು. ಇದರ ಕಾಡು ಸಂಬಂಧಿ ಬಾಂಬಿಕ್ಸ್ ಮ್ಯಾಂಡರಿನಾ ಚೀನಾ, ಕೊರಿಯಾ, ಜಪಾನಿನಲ್ಲಿ ಈಗಲೂ ಇದೆ, ಅದು ಕಂದು ಬಣ್ಣದ್ದು, ಚೆನ್ನಾಗಿ ಹಾರುತ್ತದೆ. ಸಾಕಿದ ತಳಿಯಲ್ಲಿ ಹೆಣ್ಣಿನ ಹೊಟ್ಟೆ ಮೊಟ್ಟೆಯಿಂದ ಎಷ್ಟು ಭಾರವೆಂದರೆ ಅದು ಗೂಡಿನಿಂದ ಹೊರಬಂದ ಜಾಗದಿಂದ ಹೆಚ್ಚು ದೂರ ಹೋಗುವುದೇ ಇಲ್ಲ.

ನಿಂಬೆ ಚಿಟ್ಟೆ ಇದಕ್ಕೆ ತದ್ವಿರುದ್ಧ. ಬಾಲವಿಲ್ಲದ ಸ್ವಾಲೋಟೇಲ್ (ಹೆಚ್ಚಿನವಕ್ಕೆ ಹಿಂದಿನ ರೆಕ್ಕೆಯಲ್ಲಿ ಬಾಲವಿರುವ ಚಿಟ್ಟೆಗಳ ಕುಟುಂಬ), ರೆಕ್ಕೆ ಬಿಚ್ಚಿದರೆ 8ರಿಂದ 10 ಸೆಂಟಿಮೀಟರ್, ಬಿಸಿಲೇರಿದಷ್ಟೂ ವೇಗ. ಏಷ್ಯಾದ ಈ ಚಿಟ್ಟೆ 2004ರಲ್ಲಿ ಕೆರಿಬಿಯನ್ನಿನ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಕಾಣಿಸಿಕೊಂಡು ಅಲ್ಲಿನ ನಿಂಬೆ, ಕಿತ್ತಳೆ ತೋಟದವರಿಗೆ ತಲೆನೋವಾಯಿತು.

ಪತಂಗಕ್ಕೆ ಸಕ್ಕರೆ ನೀರು ಇಡಬೇಕೇ?

ಬೇಡ. ರೇಷ್ಮೆ ಪತಂಗಕ್ಕೆ ತಿನ್ನುವ, ಕುಡಿಯುವ ಬಾಯಿಯೇ ಇಲ್ಲ. ಹುಳುವಾಗಿದ್ದಾಗ ತಿಂದು ಕೂಡಿಟ್ಟ ಕೊಬ್ಬಿನ ಮೇಲೆಯೇ ಅದರ ಬದುಕು. ನಿಂಬೆ ಚಿಟ್ಟೆಗೆ ಉದ್ದನೆಯ ಹೀರುಕೊಳವೆ ಇದೆ. ಲಂಟಾನ, ಇಕ್ಸೋರ, ರತ್ನಗಂಧಿಯಂಥ ಹೂಗಳು ಹಿತ್ತಲಲ್ಲಿ ಇದ್ದರೆ ಸಾಕು. ಗಂಡುಗಳು ಕೆರೆಯಂಚಿನ, ನಾಲೆಯಂಚಿನ ಒದ್ದೆ ಮಣ್ಣಿನಲ್ಲಿ ಕೂತು ಉಪ್ಪಿನಂಶ ಹೀರುವುದನ್ನು ಬಿಸಿಲ ದಿನಗಳಲ್ಲಿ ನೋಡಬಹುದು.

ಗಂಡು ಹೆಣ್ಣು ಹೇಗೆ ಕಂಡುಹಿಡಿಯುವುದು?

ನಿಂಬೆ ಚಿಟ್ಟೆಯಲ್ಲಿ ಕಷ್ಟ, ಎರಡೂ ಒಂದೇ ರೀತಿ. ರೇಷ್ಮೆಯಲ್ಲಿ ಕೋಶದ ಹಂತದಲ್ಲೇ ಹೇಳಬಹುದು, ಬಿತ್ತನೆ ಕೋಠಿಗಳಲ್ಲಿ (ರೈತರಿಗೆ ಕೊಡುವ ರೇಷ್ಮೆ ಮೊಟ್ಟೆ ತಯಾರಾಗುವ ಜಾಗ) ದಿನವೂ ನಡೆಯುವ ಕೆಲಸವೇ ಅದು. ಗೂಡನ್ನು ಕತ್ತರಿಸಿ ಕೋಶ ತೆಗೆದು ಹೊಟ್ಟೆ ಕಡೆ ತಿರುಗಿಸಿ. ಹಿಂಭಾಗದ ಎಂಟನೇ ಉಂಗುರದ ಮೇಲೆ ಗುಣಾಕಾರ ಚಿಹ್ನೆಯಂಥ ಸಣ್ಣ ಗೆರೆ ಇದ್ದರೆ ಹೆಣ್ಣು, ಒಂಬತ್ತನೆಯದರ ಮೇಲೆ ಬರೀ ಚುಕ್ಕೆ ಇದ್ದರೆ ಗಂಡು. ಹೆಣ್ಣು ಕೋಶ ಸಾಮಾನ್ಯವಾಗಿ ಹೆಚ್ಚು ತೂಕ. ಪತಂಗವಾದ ಮೇಲಂತೂ ಗೊಂದಲವೇ ಇಲ್ಲ. ಹೊಟ್ಟೆ ಊದಿಕೊಂಡು ಕೂತಿರುವುದು ಹೆಣ್ಣು, ರೆಕ್ಕೆ ಪಟಪಟಿಸುತ್ತ ಸುತ್ತು ಹಾಕುವುದು ಗಂಡು.

ಆ ಪಟಪಟ ಯಾಕೆಂದರೆ ಹೆಣ್ಣು ಬಿಡುವ ವಾಸನೆ. 1959ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ತಂಡ ಸುಮಾರು ಐದು ಲಕ್ಷ ಹೆಣ್ಣು ಪತಂಗಗಳಿಂದ ಈ ರಾಸಾಯನಿಕವನ್ನು ಬೇರ್ಪಡಿಸಿ ಬಾಂಬಿಕಾಲ್ ಎಂದು ಹೆಸರಿಟ್ಟಿತು. ರಚನೆ ಗೊತ್ತಾದ ಮೊಟ್ಟಮೊದಲ ಫೆರೊಮೋನ್ ಇದೇ. ಗಂಡಿನ ಮೀಸೆ ಅಷ್ಟು ಅಗಲ ಇರುವುದು ಇದನ್ನು ಹಿಡಿಯಲಿಕ್ಕೆ. ನಿಂಬೆ ಚಿಟ್ಟೆ ಜೋಡಿ ಹುಡುಕುವುದು ಹೆಚ್ಚಾಗಿ ಕಣ್ಣಿನಿಂದ.

ಗೂಡು ಕಟ್ಟುವುದು ಪತಂಗ ಮಾತ್ರವೇ? ಚಿಟ್ಟೆಯ ಹುಳುವಿಗೆ ರೇಷ್ಮೆ ಬರುವುದಿಲ್ಲವೇ?

ಬರುತ್ತದೆ, ತುಂಬ ಸ್ವಲ್ಪ. ನಿಂಬೆ ಚಿಟ್ಟೆಯ ಹುಳು ಕೋಶವಾಗುವ ಮೊದಲು ಕಡ್ಡಿಯ ಮೇಲೆ ರೇಷ್ಮೆಯ ಒಂದು ಚುಕ್ಕೆ ಮೆತ್ತೆ ಮಾಡಿ ಬಾಲದ ತುದಿಯನ್ನು ಅದಕ್ಕೆ ಸಿಕ್ಕಿಸುತ್ತದೆ. ಆಮೇಲೆ ಸೊಂಟದ ಸುತ್ತ ಒಂದು ಎಳೆ ಹಾಕಿಕೊಂಡು ಹಿಂದಕ್ಕೆ ವಾಲುತ್ತದೆ. ಕೋಶ ಬಯಲಲ್ಲೇ ಇರುತ್ತದೆ, ಮೇಲೆ ಹೊದಿಕೆ ಇಲ್ಲ. ರಕ್ಷಣೆ ಬಣ್ಣದಿಂದ: ಹಸಿರು ಕಡ್ಡಿಯ ಮೇಲಾದರೆ ಹೆಚ್ಚಾಗಿ ಹಸಿರು, ಒಣ ಕಡ್ಡಿ ಅಥವಾ ಗೋಡೆಯ ಮೇಲಾದರೆ ಕಂದು.

ರೇಷ್ಮೆ ಹುಳು ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ಒಂದೇ ಎಳೆಯಿಂದ ಇಡೀ ಗೂಡು ಮುಗಿಸುತ್ತದೆ. ಹಳೆಯ ಮೈಸೂರು ತಳಿಯ ಹಳದಿ ಗೂಡಿನಲ್ಲಿ ಆ ಎಳೆ ಸುಮಾರು 400 ಮೀಟರ್, ಬಿಳಿ ಗೂಡಿನ ದ್ವಿತಳಿಗಳಲ್ಲಿ (ವರ್ಷಕ್ಕೆ ಎರಡು ತಲೆಮಾರಿನ ತಳಿಗಳು) 1000 ಮೀಟರ್ ಮತ್ತು ಮೇಲೆ. ಪತಂಗ ಹೊರಬರುವಾಗ ಬಾಯಿಂದ ದ್ರವ ಬಿಟ್ಟು ಗೂಡಿನ ತುದಿಯನ್ನು ನೆನೆಸಿ ಎಳೆಗಳನ್ನು ಸರಿಸುತ್ತದೆ. ಹಾಗೆ ತೂತಾದ ಗೂಡಿನಿಂದ ಒಂದೇ ಎಳೆ ಬಿಚ್ಚಲಾಗುವುದಿಲ್ಲ, ಅದಕ್ಕೇ ನೂಲಿಗೆ ಹೋಗುವ ಗೂಡನ್ನು ಪತಂಗವಾಗುವ ಮೊದಲೇ ಬಿಸಿ ಗಾಳಿ ಅಥವಾ ಹಬೆಯಲ್ಲಿ ಇಡುತ್ತಾರೆ. ತೂತು ಗೂಡು ವ್ಯರ್ಥವಾಗುವುದಿಲ್ಲ, ಗೂಡಿನ ಹಾರ, ಬೊಕೆ, ಸ್ಪನ್ ಸಿಲ್ಕ್‌ಗೆ (ತುಂಡು ನಾರನ್ನು ಹತ್ತಿಯಂತೆ ನೂತ ರೇಷ್ಮೆ) ಹೋಗುತ್ತದೆ.

ಶಾಲಾ ಪ್ರಾಜೆಕ್ಟಿಗೆ ಮನೆಯಲ್ಲಿ ರೇಷ್ಮೆ ಹುಳು ಸಾಕಬಹುದೇ? ಏನೇನು ಬೇಕು?

ಸಾಕಬಹುದು. ಮೊಟ್ಟೆಯಿಂದ ಶುರು ಮಾಡಬೇಡಿ. ಎರಡನೇ ಜ್ವರ ಎದ್ದ ಚಾಕಿ (ಎಳೆಯ) ಹುಳುವನ್ನು ಪರಿಚಯದ ರೈತರಿಂದ ಅಥವಾ ಚಾಕಿ ಸಾಕಾಣಿಕೆ ಕೇಂದ್ರದಿಂದ 25 ತೆಗೆದುಕೊಳ್ಳಿ. ಇಷ್ಟು ಹುಳುವಿಗೆ ಕೊನೆಯವರೆಗೂ ಎಲ್ಲ ಸೇರಿ ಸುಮಾರು ಒಂದು ಕಿಲೋ ಹಿಪ್ಪುನೇರಳೆ ಸೊಪ್ಪು ಸಾಕು. ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಾಲು ಕೊನೆಯ ಒಂದು ವಾರದಲ್ಲೇ ಖರ್ಚಾಗುತ್ತದೆ. ಮೊದಲ ವಾರ ಹುಳು ತಿನ್ನುವುದೇ ಇಲ್ಲ ಅಂತ ಹೆದರುವವರೇ, ಕೊನೆಯ ವಾರ ಸೊಪ್ಪಿಗಾಗಿ ಓಡಾಡುತ್ತಾರೆ. ಗಿಡ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ಅಗಲವಾದ ರಟ್ಟಿನ ಡಬ್ಬ, ತಳಕ್ಕೆ ಪೇಪರ್, ಮೇಲೆ ನೈಲಾನ್ ಬಲೆ. ಮುಚ್ಚಳ ಬಿಗಿ ಮಾಡಬೇಡಿ, ಗಾಳಿ ಬೇಕು. ಡಬ್ಬವನ್ನು ಸ್ಟೂಲಿನ ಮೇಲಿಟ್ಟು ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡಿ, ಇಲ್ಲದಿದ್ದರೆ ಒಂದೇ ರಾತ್ರಿಯಲ್ಲಿ ಇರುವೆ ಪೂರ್ತಿ ಮುಗಿಸುತ್ತದೆ. ದಿನಕ್ಕೆ ಮೂರು ಹೊತ್ತು ಸೊಪ್ಪು. ಸಣ್ಣ ಹುಳುವಿಗೆ ಎಳೆ ಎಲೆ ಕತ್ತರಿಸಿ, ದೊಡ್ಡದಕ್ಕೆ ಬಲಿತ ಎಲೆ ಇಡಿಯಾಗಿ. ಕಿತ್ತ ಸೊಪ್ಪನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಒಂದು ದಿನ ತಡೆಯುತ್ತದೆ. ಎಲೆಯ ಮೇಲೆ ಮಾತ್ರ ನೀರು ಉಳಿಯಕೂಡದು. ದಿನ ಬಿಟ್ಟು ದಿನ ಹಾಸಿಗೆ, ಅಂದರೆ ಉಳಿದ ಸೊಪ್ಪು, ಹಿಕ್ಕೆ ತೆಗೆಯಿರಿ, ಕೊನೆಯ ಹಂತದಲ್ಲಿ ದಿನಾಲೂ.

ಹುಳು ತಲೆಯೆತ್ತಿ ಅಲ್ಲಾಡದೆ ನಿಂತರೆ ಅದು ಜ್ವರಕ್ಕೆ ಕೂತಿದೆ ಎಂದರ್ಥ, ಕಾಯಿಲೆಯಲ್ಲ. ಸುಮಾರು ಒಂದು ದಿನ ಸೊಪ್ಪು ಹಾಕಬೇಡಿ, ಹಾಸಿಗೆ ಒಣಗಿರಲಿ ಅಂತ ಅರಳಿದ ಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿ. ಬಹುತೇಕ ಎಲ್ಲವೂ ಪೊರೆ ಬಿಟ್ಟು ಎದ್ದ ಮೇಲೆ ಒಟ್ಟಿಗೆ ಸೊಪ್ಪು ಕೊಡಿ. ಮೊದಲೆದ್ದವಕ್ಕೆ ಮೊದಲೇ ಹಾಕಿದರೆ ಗುಂಪು ಹಿಂದುಮುಂದಾಗಿ ಗೂಡು ಒಂದೇ ದಿನ ಬರುವುದಿಲ್ಲ.

ಐದನೇ ಹಂತದ (ನಾಲ್ಕನೇ ಜ್ವರ ಎದ್ದ ಮೇಲಿನದು) ಆರೇಳು ದಿನ ಕಳೆದ ಮೇಲೆ ಹುಳು ಹಣ್ಣಾಗುತ್ತದೆ: ಮೈ ಪಾರದರ್ಶಕವಾಗಿ, ಸ್ವಲ್ಪ ಕುಗ್ಗಿ, ತಿನ್ನುವುದು ಬಿಟ್ಟು ಡಬ್ಬದ ಮೂಲೆ ಹತ್ತುತ್ತದೆ. ಆಗ ಚಂದ್ರಿಕೆಗೆ (ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ) ಹಾಕಬೇಕು. ಮನೆಯಲ್ಲಿ ಚಂದ್ರಿಕೆ ಇಲ್ಲದಿದ್ದರೆ ಮೊಟ್ಟೆಯ ಟ್ರೇ ಅಥವಾ ರಟ್ಟಿನ ಕೊಳವೆಗಳನ್ನು ಜೋಡಿಸಿ, ಒಂದೊಂದರಲ್ಲಿ ಒಂದೇ ಹುಳು ಬಿಡಿ. ಎರಡು ಬಿಟ್ಟರೆ ಜೋಡಿಗೂಡು ಕಟ್ಟುತ್ತವೆ, ಅದರಿಂದ ನುಣುಪಾದ ಒಂದೇ ಎಳೆ ಬಿಚ್ಚಲಾಗುವುದಿಲ್ಲ.

ಹುಳು ಇದ್ದಕ್ಕಿದ್ದಂತೆ ಸಾಯುತ್ತಿವೆ. ಏನಾಗಿರಬಹುದು?

ಮೊದಲು ಕೇಳಬೇಕಾದ್ದು, ಆ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿದಿರಾ, ಲಿಕ್ವಿಡ್ ಮಶಿನ್ ಹಾಕಿದಿರಾ? ಮನೆಯಲ್ಲಿ ಸಾಕಿದ ಹುಳು ಸಾಯಲು ಇದೇ ದೊಡ್ಡ ಕಾರಣ. ವಿಷ ತಗುಲಿದ ಹುಳು ತಲೆಯನ್ನು ಅತ್ತಿತ್ತ ಒದರುತ್ತದೆ, ಹಸಿರು ರಸ ಕಾರುತ್ತದೆ, ಮೈ ಮುದುಡುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆಯವರು ಇನ್ನೊಂದು ನೆನಪಿಡಬೇಕು: ಹೊಗೆಸೊಪ್ಪಿನ ಹೊಲದ ಪಕ್ಕದ ಹಿಪ್ಪುನೇರಳೆಯೂ ವಿಷವಾಗಬಹುದು. ಹೊಗೆಸೊಪ್ಪು ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಹುಳು ಮುಟ್ಟಬೇಡಿ.

ವಿಷವಲ್ಲದಿದ್ದರೆ ರೋಗ. ಮೈ ಊದಿ ಹೊಳೆಯುತ್ತ, ಚರ್ಮ ಹರಿದರೆ ಹಾಲಿನಂಥ ದ್ರವ ಸೋರಿದರೆ ಹಾಲುತೊಂಡೆ. ಮೈ ಮೆತ್ತಗಾಗಿ ಬೇಧಿ, ದುರ್ವಾಸನೆ ಇದ್ದರೆ ಸಪ್ಪೆ ರೋಗ, ಒದ್ದೆ ಸೊಪ್ಪು ಮತ್ತು ಗಾಳಿಯಿಲ್ಲದ ಕೋಣೆ ಇದಕ್ಕೆ ದಾರಿ. ಸತ್ತ ಹುಳು ಬಿಳಿ ಸುಣ್ಣದ ಕಡ್ಡಿಯಂತೆ ಗಟ್ಟಿಯಾದರೆ ಸುಣ್ಣಕಟ್ಟು, ಇದು ಶಿಲೀಂಧ್ರ, ಮಳೆ ಚಳಿಯಲ್ಲಿ ಹೆಚ್ಚು. ಗಂಟುರೋಗ ತಾಯಿಯಿಂದ ಮೊಟ್ಟೆಗೆ ಬರುವಂಥದ್ದು. 1865ರಿಂದ ಕೆಲವು ವರ್ಷ ಲೂಯಿ ಪಾಶ್ಚರ್ ಫ್ರಾನ್ಸಿನಲ್ಲಿ ಇದರ ಹಿಂದೆ ಬಿದ್ದು, ಮೊಟ್ಟೆಯಿಟ್ಟ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮ ತಂದರು. ನಮ್ಮ ಬಿತ್ತನೆ ಕೋಠಿಗಳಲ್ಲಿ ಈಗಲೂ ಅದೇ ನಡೆಯುತ್ತದೆ. ‘ರೋಗರಹಿತ ಮೊಟ್ಟೆ’ ಎಂದು ಕೊಡುವುದು ಆ ಪರೀಕ್ಷೆ ದಾಟಿದ್ದನ್ನೇ.

ಹುಳುವಿನ ಮೈಮೇಲೆ ಒಂದು ಕಪ್ಪು ಚುಕ್ಕೆ ಕಂಡರೆ ಊಜಿ ನೊಣ. ಅದು ಹುಳುವಿನ ಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಕೊರೆಯುತ್ತದೆ. ಬಲೆಯ ಹೊರತು ಮನೆಯಲ್ಲಿ ಬೇರೆ ಉಪಾಯವಿಲ್ಲ.

ರೋಗದ ಹುಳುಗಳನ್ನು ಆರಿಸಿ ಸುಣ್ಣ, ಬ್ಲೀಚಿಂಗ್ ಪುಡಿ ಬೆರೆಸಿದ ನೀರಿಗೆ ಹಾಕಿ ಹೂಳಿ. ಮುಂದಿನ ಬೆಳೆಗೆ ಮೊದಲು ಸಾಮಾನುಗಳನ್ನೆಲ್ಲ ತೊಳೆಯಲು 10 ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪುಡಿ, 30 ಗ್ರಾಂ ಅರಳಿದ ಸುಣ್ಣ. ಆಗಿಂದಾಗ್ಗೆ ಕಲಸಿ ಬಳಸಿ, ಹಿಂದಿನ ದಿನದ್ದು ಕೆಲಸಕ್ಕೆ ಬರುವುದಿಲ್ಲ.

ನಿಂಬೆ ಚಿಟ್ಟೆಯ ಹುಳು ಸಾಕುವುದು ಹೇಗೆ?

ಇದು ಇನ್ನೂ ಸುಲಭ, ಮಕ್ಕಳಿಗೆ ನಾವು ಮೊದಲು ಹೇಳುವುದು ಇದನ್ನೇ. ಮಳೆ ಬಿದ್ದು ಕರಿಬೇವು, ನಿಂಬೆ ಚಿಗುರಿದ ಹೊತ್ತಿನಲ್ಲಿ ಎಳೆ ಎಲೆಗಳನ್ನು ಹುಡುಕಿ. ಬಿಲ್ವದ ಗಿಡದಲ್ಲೂ ಸಿಗುತ್ತದೆ. ಹುಳುವನ್ನು ಬೆರಳಿನಿಂದ ಕೀಳಬೇಡಿ, ಕಡ್ಡಿ ಸಮೇತ ಕತ್ತರಿಸಿ. ಕಡ್ಡಿಯ ಬುಡವನ್ನು ಸಣ್ಣ ಬಾಟಲಿಯ ನೀರಿನಲ್ಲಿಟ್ಟು ಬಾಯಿಗೆ ಹತ್ತಿ ತುರುಕಿ. ಹತ್ತಿ ಮರೆತರೆ ಹುಳು ಕಡ್ಡಿ ಹಿಡಿದು ಕೆಳಗಿಳಿದು ನೀರಲ್ಲಿ ಮುಳುಗುತ್ತದೆ. ಬಾಟಲಿಯನ್ನು ಬಲೆ ಕಟ್ಟಿದ ಬುಟ್ಟಿಯಲ್ಲಿಡಿ, ಹಿಕ್ಕೆಯನ್ನು ದಿನವೂ ತೆಗೆಯಿರಿ.

ಮಾರ್ಕೆಟ್ಟಿನ ಕರಿಬೇವು ಕೊಡಲೇಬೇಡಿ. ಎಷ್ಟು ತೊಳೆದರೂ ಔಷಧಿ ಅಂಶ ಉಳಿದಿರಬಹುದು, ಬೆಳಿಗ್ಗೆ ಹಾಕಿದರೆ ಸಂಜೆಗೆ ಹುಳು ಕೆಳಗೆ ಬಿದ್ದಿರುತ್ತದೆ.

ಹಸಿರು ಹುಳು ಒಂದು ದಿನ ತಿನ್ನುವುದು ನಿಲ್ಲಿಸಿ, ನೀರುನೀರಾದ ಹಿಕ್ಕೆ ಹಾಕಿ, ಬುಟ್ಟಿಯಲ್ಲೆಲ್ಲ ಸುತ್ತಾಡುತ್ತದೆ. ಇದನ್ನು ಬೇಧಿ ಎಂದುಕೊಳ್ಳಬೇಡಿ, ಕೋಶವಾಗುವ ತಯಾರಿ. ಒಂದೆರಡು ಒಣ ಕಡ್ಡಿಗಳನ್ನು ನಿಲ್ಲಿಸಿ ಕೊಡಿ. ಸೊಂಟಕ್ಕೆ ಎಳೆ ಹಾಕಿಕೊಂಡ ಮೇಲೆ ಬುಟ್ಟಿ ಅಲ್ಲಾಡಿಸಬೇಡಿ. ಎಳೆ ಕಿತ್ತು ಕೋಶ ಬಿದ್ದರೆ, ಕಾಗದದ ಸಣ್ಣ ಕೊಟ್ಟೆ ಮಾಡಿ ತಲೆ ಮೇಲೆ ಬರುವಂತೆ ಅದರಲ್ಲಿ ಕೂರಿಸಿ ಗೋಡೆಗೆ ಅಂಟಿಸಿ, ಸಾಮಾನ್ಯವಾಗಿ ಬದುಕುತ್ತದೆ.

ಹೊರಬರುವ ಹಿಂದಿನ ದಿನ ಕೋಶ ಕಪ್ಪಾಗಿ ಒಳಗಿನ ಹಳದಿ ಮಚ್ಚೆ ಕಾಣುತ್ತದೆ. ಚಿಟ್ಟೆ ಬರುವುದು ಬಹುತೇಕ ಬೆಳಗಿನ ಹೊತ್ತು. ರೆಕ್ಕೆ ಮುದ್ದೆಯಾಗಿರುತ್ತದೆ, ತೂಗಿ ನಿಲ್ಲಲು ಜಾಗ ಸಿಕ್ಕರೆ ಕೆಲವೇ ನಿಮಿಷಗಳಲ್ಲಿ ಬಿಚ್ಚಿಕೊಳ್ಳುತ್ತದೆ, ಒಣಗಿ ಗಟ್ಟಿಯಾಗಲು ಒಂದೆರಡು ಗಂಟೆ. ಈ ಹೊತ್ತಿನಲ್ಲಿ ಮುಟ್ಟಿದರೆ ರೆಕ್ಕೆ ಸೊಟ್ಟಗಾಗಿ ಉಳಿದುಬಿಡುತ್ತದೆ. ಕೆಳಗೆ ಬೀಳುವ ದ್ರವದ ಹನಿ ರಕ್ತವಲ್ಲ, ಕೋಶದಲ್ಲಿದ್ದಾಗ ಕೂಡಿಕೊಂಡ ಕಸ.

ಕೋಶದಿಂದ ಚಿಟ್ಟೆಯ ಬದಲು ಸಣ್ಣ ಸಣ್ಣ ಕಣಜಗಳು ಬಂದರೆ ಆಶ್ಚರ್ಯಪಡಬೇಡಿ. ಪರಾವಲಂಬಿ ಕಣಜ ಮೊದಲೇ ಮೊಟ್ಟೆ ಇಟ್ಟಿತ್ತು. ಇದನ್ನು ತಪ್ಪಿಸಬೇಕಾದರೆ ದೊಡ್ಡ ಹುಳುವಿನ ಬದಲು ಮೊಟ್ಟೆಯನ್ನೇ ತಂದು ಸಾಕಿ.

ಒಂದರ ಸೊಪ್ಪನ್ನು ಇನ್ನೊಂದಕ್ಕೆ ಹಾಕಬಹುದೇ?

ಇಲ್ಲ. ಎದುರಿಗೆ ಎಲೆ ಇದ್ದರೂ ಎರಡೂ ಹಸಿದು ಸಾಯುತ್ತವೆ.

ನಿಂಬೆ ಸಸಿಗಳನ್ನು ಹುಳು ಬೋಳು ಮಾಡುತ್ತಿದೆ. ಪಕ್ಕದಲ್ಲೇ ಹಿಪ್ಪುನೇರಳೆ ಇದೆ. ಏನು ಹೊಡೆಯುವುದು?

ಸಾಧ್ಯವಾದರೆ ಏನೂ ಹೊಡೆಯಬೇಡಿ. ಬೆಳೆದ ನಿಂಬೆ, ಕರಿಬೇವಿನ ಗಿಡ ಹತ್ತಿಪ್ಪತ್ತು ಹುಳುವನ್ನು ತಡೆದುಕೊಂಡು ಮತ್ತೆ ಚಿಗುರುತ್ತದೆ. ತೊಂದರೆ ಆಗುವುದು ಸಸಿಮಡಿಗೆ ಮತ್ತು ನೆಟ್ಟ ಒಂದೆರಡು ವರ್ಷದ ಗಿಡಗಳಿಗೆ. ಅಲ್ಲಿ ವಾರಕ್ಕೆ ಎರಡು ಸಲ ಚಿಗುರೆಲೆ ತಿರುಗಿಸಿ ನೋಡಿ ಹುಳು ಆರಿಸುವುದೇ ಉತ್ತಮ. ಸಸಿಮಡಿ ಚಿಕ್ಕದಾದರೆ ಸೊಳ್ಳೆಪರದೆ ಬಟ್ಟೆ ಮುಚ್ಚಿ, ಚಿಟ್ಟೆ ಮೊಟ್ಟೆ ಇಡಲಾಗುವುದಿಲ್ಲ.

ಬಿಟಿ ಎಂದರೆ ಹುಳು ಕೊಲ್ಲುವ ಬ್ಯಾಕ್ಟೀರಿಯಾದಿಂದ ಮಾಡಿದ ಔಷಧಿ. ‘ಬಿಟಿ ಜೈವಿಕ, ಅದರಿಂದ ತೊಂದರೆ ಇಲ್ಲ’ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಮನುಷ್ಯನಿಗೆ, ದನಕ್ಕೆ ಅದು ನಿಜ. ರೇಷ್ಮೆ ಹುಳುವಿಗೆ ನೇರ ವಿಷ. ಆ ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದೇ ಸತ್ತ ರೇಷ್ಮೆ ಹುಳುವಿನಲ್ಲಿ, 1901ರಲ್ಲಿ ಜಪಾನಿನ ಇಶಿವಾಟಾ ಅವರಿಗೆ. ನಿಂಬೆ ಚಿಟ್ಟೆಯ ಹುಳುವನ್ನು ಯಾವ ದಾರಿಯಲ್ಲಿ ಕೊಲ್ಲುತ್ತದೋ, ರೇಷ್ಮೆ ಹುಳುವನ್ನೂ ಅದೇ ದಾರಿಯಲ್ಲಿ ಕೊಲ್ಲುತ್ತದೆ. ಬೇವಿನ ಎಣ್ಣೆಯನ್ನೂ ಹಿಪ್ಪುನೇರಳೆಯ ಹತ್ತಿರ ಹಗುರವಾಗಿ ತೆಗೆದುಕೊಳ್ಳಬೇಡಿ.

ಹೊಡೆಯಲೇಬೇಕಾದ ಪರಿಸ್ಥಿತಿ ಬಂದರೆ ಹುಳುಮನೆಯಲ್ಲಿ ಬೆಳೆ ಇಲ್ಲದ ಅವಧಿ ನೋಡಿ, ಗಾಳಿ ನಿಂತ ಮುಂಜಾನೆಯಲ್ಲಿ, ಹಿಪ್ಪುನೇರಳೆಯ ಕಡೆಗೆ ಬೆನ್ನು ಹಾಕಿ ಹೊಡೆಯಿರಿ. ಆ ಪಂಪನ್ನು ಹಿಪ್ಪುನೇರಳೆಗೆ ಬಳಸಬೇಡಿ. ಪಕ್ಕದ ಹೊಲದವರು ಹೊಡೆದಿದ್ದಾರೆ ಎಂಬ ಅನುಮಾನವಿದ್ದರೆ ಆ ಬದಿಯ ಸಾಲಿನ ಸೊಪ್ಪನ್ನು ಮೊದಲು 20 ಹುಳುವಿಗೆ ಮಾತ್ರ ಹಾಕಿ ಒಂದು ದಿನ ಕಾದು ನೋಡಿ. ಇಡೀ ಬೆಳೆ ಕಳೆದುಕೊಳ್ಳುವುದಕ್ಕಿಂತ ಒಂದು ದಿನ ತಡವಾಗುವುದು ಲೇಸು.

ಈ ಹುಳುಗಳನ್ನು ಮುಟ್ಟಿದರೆ ತುರಿಕೆಯಾಗುತ್ತದೆಯೇ?

ಇವೆರಡನ್ನೂ ಮುಟ್ಟಬಹುದು. ತುರಿಕೆಗೆ ಕಾರಣ ನುಗ್ಗೆ ಮರದ ಬೊಡ್ಡೆಯಲ್ಲಿ ಗುಂಪಾಗಿ ಕೂರುವ ಕಂಬಳಿಹುಳುವಿನಂಥವು. ಅದೂ ಪತಂಗದ ಮರಿಯೇ. ತಗುಲಿದರೆ ಉಜ್ಜಬೇಡಿ, ಅಂಟುವ ಟೇಪನ್ನು ಒತ್ತಿ ಎಳೆದು ಕೂದಲು ತೆಗೆದು ಸೋಪಿನಲ್ಲಿ ತೊಳೆಯಿರಿ. ರೆಕ್ಕೆಯ ಪುಡಿ ಕಣ್ಣಿಗೆ ಬಿದ್ದರೆ ಕುರುಡಾಗುತ್ತಾರೆ ಎನ್ನುವುದು ಬರೀ ಮಾತು. ಉರಿಯಬಹುದು, ನೀರಿನಲ್ಲಿ ತೊಳೆದರೆ ಹೋಗುತ್ತದೆ.

ಪ್ರಾಜೆಕ್ಟ್ ಮುಗಿದ ಮೇಲೆ ಹೊರಗೆ ಬಿಡಬಹುದೇ?

ನಿಂಬೆ ಚಿಟ್ಟೆಯನ್ನು ಬಿಸಿಲು ಬಂದ ಮೇಲೆ ಹಿತ್ತಲಲ್ಲೇ ಬಿಡಿ. ರೇಷ್ಮೆ ಹುಳುವನ್ನು ಹಿಪ್ಪುನೇರಳೆ ಮರಕ್ಕೆ ಬಿಟ್ಟರೆ ಬದುಕುವುದಿಲ್ಲ. ಗಾಳಿಗೆ ಕೊಂಬೆ ಹಿಡಿದು ನಿಲ್ಲಲು ಬರುವುದಿಲ್ಲ, ಬಿಳಿ ಮೈ ಹಕ್ಕಿಗಳಿಗೆ ಎದ್ದು ಕಾಣುತ್ತದೆ. ಪತಂಗಗಳನ್ನು ಡಬ್ಬದಲ್ಲೇ ಇರಲು ಬಿಡಿ, ವಾರದಲ್ಲಿ ತಾವಾಗಿ ಸಾಯುತ್ತವೆ. ಮನೆಯಲ್ಲಿ ಇಟ್ಟ ಮೊಟ್ಟೆಯನ್ನು ರೈತರಿಗೆ ಕೊಡಬೇಡಿ, ಗಂಟುರೋಗದ ಪರೀಕ್ಷೆ ಆಗಿರುವುದಿಲ್ಲ.

ನಮ್ಮದೇ 20–25 ಗೂಡಿನಿಂದ ನೂಲು ತೆಗೆದು ತೋರಿಸಬಹುದೇ?

ಪತಂಗ ಹೊರಬರುವ ಮೊದಲು, ಅಂದರೆ ಗೂಡು ಕಟ್ಟಿದ ಏಳೆಂಟನೇ ದಿನ, ಹತ್ತು ಗೂಡು ಆರಿಸಿ. ಮೇಲಿನ ನವಿರು ನಾರನ್ನು ಬೆರಳಿಗೆ ಸುತ್ತಿ ತೆಗೆಯಿರಿ. ಕುದಿಯುವುದಕ್ಕೆ ಸ್ವಲ್ಪ ಮೊದಲಿನ ಬಿಸಿ ನೀರಿನಲ್ಲಿ ಐದರಿಂದ ಹತ್ತು ನಿಮಿಷ ಇಟ್ಟರೆ ಎಳೆಗಳನ್ನು ಅಂಟಿಸಿರುವ ಸೆರಿಸಿನ್ ಮೆತ್ತಗಾಗುತ್ತದೆ. ಕಡ್ಡಿ ಪೊರಕೆಯ ತುದಿಯಿಂದ ಗೂಡುಗಳ ಮೇಲೆ ಮೆಲ್ಲಗೆ ಸವರಿ, ಎಳೆಗಳು ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಮೊದಲು ಬರುವ ಒರಟು ನಾರು ಬಿಸಾಡಿ, ಪ್ರತಿ ಗೂಡಿನಿಂದ ಒಂದೊಂದೇ ಎಳೆ ಬರತೊಡಗಿದಾಗ ಎಂಟು ಹತ್ತು ಎಳೆ ಕೂಡಿಸಿ ಉರುಟು ಬಾಟಲಿಗೆ ಸುತ್ತಿ. ಒಂದೇ ಎಳೆ ಸುತ್ತಲು ಹೋದರೆ ಅರ್ಧದಲ್ಲೇ ಕಿತ್ತುಬರುತ್ತದೆ. ಗೂಡು ನೀರಿನಲ್ಲಿ ಕುಣಿಯುತ್ತ ತೆಳ್ಳಗಾಗಿ ಒಳಗಿನ ಕೋಶ ಕಾಣಿಸಿದರೆ ನಿಲ್ಲಿಸಿ. ಎಳೆ ಪದೇ ಪದೇ ಕಡಿದರೆ ನೀರು ತಣ್ಣಗಾಗಿದೆ, ಗೂಡು ಒಟ್ಟಿಗೆ ಜೊಂಪೆಯಾಗಿ ಮೇಲೆದ್ದು ಬಂದರೆ ಹೆಚ್ಚು ಬೆಂದಿದೆ. ಬಿಸಿ ನೀರಿನ ಹತ್ತಿರ ಮಕ್ಕಳನ್ನು ಬಿಟ್ಟು ದೊಡ್ಡವರು ಅತ್ತ ಹೋಗಬೇಡಿ. ಹಾಗೆ ಬಂದ ನೂಲು ಗಡುಸಾಗಿರುತ್ತದೆ, ಹೊಳಪು ಬರಬೇಕಾದರೆ ಸೋಪಿನ ನೀರಿಗೆ ಚಿಟಿಕೆ ವಾಷಿಂಗ್ ಸೋಡ ಹಾಕಿ ಅರ್ಧ ಗಂಟೆ ಕುದಿಸಿ, ತೊಳೆದು, ನೆರಳಲ್ಲಿ ಒಣಗಿಸಿ.